ಮೊಳೆಯಿಲ್ಲದ ತೊಟ್ಟಿಲು

ತೊಟ್ಟಿಲಿಗೆ ಒಂದೇ ಒಂದು ಮೊಳೆ ಹೊಡೆದಿಲ್ಲ ಎಂದು ಗಂಡ ಎದೆಯುಬ್ಬಿಸಿ ಹೇಳಿದ ಗಳಿಗೆಯಿಂದ ಮುನಿಗಂಗಮ್ಮನಿಗೆ ಅಂಜಿಕೆ ಹತ್ತಿತ್ತು. ಮರುದಿನ ನಾಮಕರಣ. ಮಗಳು ಹರಿತಾಳ ಎಳೆಗೂಸು ಅದೇ ತೊಟ್ಟಿಲಲ್ಲಿ ಮಲಗಬೇಕು.

ಅಂಜಿಕೆಗೆ ಕಾರಣವಿತ್ತು. ಗಂಡ ವೆಂಕಟರಾಮಪ್ಪನವರು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸ್ಟೋರ್ ನೋಡಿಕೊಂಡು, ವಾರಕ್ಕೊಮ್ಮೆ ತಮ್ಮೂರು ಸಾದಲಿಗೆ ಬಂದು ಹೋಗುತ್ತಿದ್ದವರು. ನಿವೃತ್ತರಾದ ಮೇಲೆ ಫೋನಿನಲ್ಲಿ ನೋಡಿ ನೋಡಿ ಮರಗೆಲಸಕ್ಕಿಳಿದರು. ಮೊದಲು ಸ್ಟೂಲು. ಅದರ ನಾಲ್ಕು ಕಾಲುಗಳಲ್ಲಿ ಮೂರಕ್ಕೆ ಮಾತ್ರ ನೆಲದ ಸ್ನೇಹವಿತ್ತು. ಆಮೇಲೆ ದೇವರ ಗೂಡು. ಯುಗಾದಿಯ ಬೆಳಿಗ್ಗೆ ಸಮಸ್ತ ದೇವಾನುದೇವತೆಗಳೂ ಗೋಡೆಯಿಂದ ಭೂಲೋಕಕ್ಕೆ ಅವತರಿಸಿದರು. ಮೂರನೆಯದು ಬೆಂಚು. ಅದರ ಮೇಲೆ ಮೊದಲು ಕೂರುವ ಭಾಗ್ಯ ಮುನಿಗಂಗಮ್ಮನದಾಯಿತು. (ಆ ಭಾಗ್ಯ ಈಗಲೂ ಸೊಂಟದಲ್ಲೇ ಇದೆ, ಮೋಡ ಕವಿದ ದಿನ ಮಾತಾಡುತ್ತದೆ.)

ಬಿದ್ದರೆ ಎದ್ದು ಸುಮ್ಮನಾಗುವ ಮನುಷ್ಯರೂ ಅಲ್ಲ ಅವರು. ಮರಗೆಲಸದ ಹುಚ್ಚಿನವರೇ ಸೇರಿಕೊಂಡ ವಾಟ್ಸಾಪ್ ಗುಂಪೊಂದಿತ್ತು. ಮುರಿದದ್ದರ ಫೋಟೋ ಹಾಕಿ, ಫೋನನ್ನು ಬಾಯಿಯ ಹತ್ತಿರ ಹಿಡಿದು ಶುರು ಮಾಡುವರು: "ನಮಸ್ಕಾರ ಬಂಧುಗಳೇ. ಇವತ್ತು ನಾನು ಮಾಡಿದ ತಪ್ಪು ಏನಪ್ಪಾ ಅಂದ್ರೆ..."

ಮುನಿಗಂಗಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಕಿವಿ ಚುರುಕು. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಗಂಡನ ತಪ್ಪುಗಳನ್ನೆಲ್ಲ ತಪ್ಪದೆ ಕೇಳುತ್ತಿದ್ದಳು. ಸ್ಟೂಲಿನ ಕಾಲದಲ್ಲೊಮ್ಮೆ, "ಒಣಗಿದ ಹಳೇ ಮರದ ಅಂಚಿಗೆ ಸೀದಾ ಮೊಳೆ ಹೊಡೀಬಾರ್ದು ಬಂಧುಗಳೇ, ಮೊದ್ಲು ತೂತು ಕೊರೀಬೇಕು, ಇಲ್ದಿದ್ರೆ ಸೀಳ್ಕಂತದೆ" ಎಂದಿದ್ದರು. ಹೊಡೆಯಲು ಬಾರದವರು ಮರವನ್ನು ದೂರುತ್ತಾರೆ ಎಂದು ಅವಳು ಒಳಗೊಳಗೇ ನಕ್ಕಿದ್ದಳು. ಅವರು ಹೊಡೆದ ಮೊಳೆಗಳೆಲ್ಲ ಅರ್ಧ ದಾರಿಯಲ್ಲೇ ಸೊಂಟ ಮುರಿದುಕೊಂಡು ಮಲಗುತ್ತಿದ್ದವು. ಇವಳೋ, ಗಂಡ ಊರಲ್ಲಿಲ್ಲದ ಆ ಮೂವತ್ತು ವರ್ಷವೂ ರೇಷ್ಮೆಹುಳು ಸಾಕುವ ಮನೆಯ ಹಸಿ ನೀಲಗಿರಿ ಗಳಗಳಿಗೆ ತಾನೇ ಮೊಳೆ ಜಡಿದವಳು. ಮೂರೇ ಏಟು, ನೆಟ್ಟಗೆ ಒಳಗೆ.

"ಏನಂದ್ರೇ, ಮೊಳೆ ಇಲ್ದೆ ಅದ್ಹೆಂಗೆ ನಿಂತ್ಕಂತದೆ?"

"ಮರಕ್ಕೆ ಮರ ಕಚ್ಕಂಡೈತೆ ಕಣೇ. ಗೂಟ ಹಾಕಿ ಜಡಿದಿದೀನಿ."

"ಬೆಂಚೂ ಕಚ್ಕಂಡಿತ್ತು. ನನ್ನ ಸೀರೇನ."

"ತಪ್ಪಿಂದ ಕಲ್ತಿದೀನಿ ಗಂಗಮ್ಮಾ. ಒಣಗಿದ ಹಳೇ ಮರದಾಗೆ ನಾಕು ತಿಂಗ್ಳು ಕೂತು ಮಾಡಿರೋದು ಇದು."

"ನಿಮ್ಮ ಪಾಠಕ್ಕೆ ನನ್ನ ಮೊಮ್ಮಗಳು ಸ್ಲೇಟಾಗೋದು ಬ್ಯಾಡ."

ಚಿಂತಾಮಣಿಯ ಬೀಗಿತ್ತಿ ಅನಸೂಯಮ್ಮ ಅಂಗಡಿಯ ತೊಟ್ಟಿಲು ತರುತ್ತೇನೆಂದಾಗ ಬೇಡವೆಂದವರು ಇದೇ ವೆಂಕಟರಾಮಪ್ಪ. ಈಗ ಹಿಂದಕ್ಕೆ ಸರಿಯುವ ಹಾಗಿಲ್ಲ.

ಗಂಡ ಹೂವು ತರಲು ಶಿಡ್ಲಘಟ್ಟಕ್ಕೆ ಹೊರಟದ್ದೇ ತಡ, ಮುನಿಗಂಗಮ್ಮ ಕೋಣೆಯ ಬಾಗಿಲು ಹಾಕಿಕೊಂಡಳು. ಕಣ್ಣು ಮುಚ್ಚಿದರೆ ಸಾಕು, ಕೂಸು ಬೀಳುವುದೇ ಕಾಣುತ್ತಿತ್ತು. ಸುತ್ತಿಗೆ ಹಿಡಿದು ತೊಟ್ಟಿಲನ್ನು ಮಗುಚಿ, ತಳದ ಪಟ್ಟಿಗಳು ಅಂಚಿನ ಮರಕ್ಕೆ ಸೇರುವ ಕಡೆ ನಾಲ್ಕು ಮೂಲೆಗೂ ಒಂದೊಂದು ಮೊಳೆ ಜಡಿದಳು. ಮೂರೇ ಏಟು, ನೆಟ್ಟಗೆ. ಅಂದು ಹಾಯಾಗಿ ನಿದ್ದೆ ಬಂತು.

ನಾಮಕರಣದ ದಿನ ಹೊಸಿಲಾಚೆಯವರೆಗೂ ಹೆಂಗಸರು. ತೊಲೆಯಿಂದ ಇಳಿಬಿಟ್ಟ ತೊಟ್ಟಿಲು, ಕೆಳಗೆ ಕಡಲೆಗುಗ್ಗರಿಯ ತಟ್ಟೆ. ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುವುದು ಶಾಸ್ತ್ರ. ರುಬ್ಬುವ ಕಲ್ಲಿನ ಗುಂಡಿಗೆ ಅರಿಶಿನ ಕುಂಕುಮವಿಟ್ಟು, ಬಟ್ಟೆ ಸುತ್ತಿ ತೊಟ್ಟಿಲಿಗಿಟ್ಟರು.

"ಇಟ್ಲ ತೂಗಮ್ಮ, ಹಿಂಗೆ, ಮೆಲ್ಲಗೆ," ಎಂದರು ಅನಸೂಯಮ್ಮ.

ಒಂದು ತೂಗು. ಎರಡು ತೂಗು. ಮೂರನೆಯದಕ್ಕೆ ಚರ್ರ್ ಎಂದಿತು. ಮುನಿಗಂಗಮ್ಮನ ಎದೆಯೂ ಚರ್ರ್ ಎಂದಿತು. ನಾಲ್ಕನೆಯದಕ್ಕೆ ಅಂಚಿನ ಮರ ಉದ್ದಕ್ಕೆ ಸೀಳಿ, ತಳ ಬಾಯಿಬಿಟ್ಟು, ಗುಂಡುಕಲ್ಲು ದೊಪ್ಪನೆ ಗುಗ್ಗರಿ ತಟ್ಟೆಗೆ ಬಿತ್ತು. ಕಡಲೆ ಬೀಗಿತ್ತಿಯ ಕಿವಿಯ ಕೊಪ್ಪಿನವರೆಗೂ ಹಾರಿತು.

"ಅಯ್ಯೋ ದೇವುಡಾ! ಕಲ್ಲು ಕಾಪಾಡ್ತು ಕಣಮ್ಮಾ! ಅಣ್ಣಯ್ಯಾ, ಇದೇನಾ ನಿಮ್ಮ ನಾಕು ತಿಂಗ್ಳ ಕೆಲ್ಸ?" ಎಂದರು ಅನಸೂಯಮ್ಮ.

ಹರಿತಾ ಕೂಸನ್ನು ಎದೆಗವಚಿಕೊಂಡು, "ಅಪ್ಪಾ, ಬೇಡ ಅಂದಿದ್ದೆ ತಾನೇ?" ಎಂದು ಅತ್ತೇಬಿಟ್ಟಳು.

ವೆಂಕಟರಾಮಪ್ಪನವರ ಮುಖ ಸುಣ್ಣದಂತಾಯಿತು. ಮಂಡಿಯೂರಿ ಸೀಳಿನಲ್ಲಿ ಬೆರಳಾಡಿಸಿದರು. ಮುನಿಗಂಗಮ್ಮನಿಗೆ ಕಾಲ ಕೆಳಗಿನ ನೆಲವೂ ಗಂಡನೇ ಮಾಡಿದ್ದೇನೋ ಎನ್ನಿಸುವಷ್ಟು ಅಲುಗಾಡಿತು. ಹೇಳಲೇ? ಇಷ್ಟು ಜನರ ಮುಂದೆಯೇ?

"ಮೊಳೆ," ಎಂದರು ಅವರು ನಿಧಾನವಾಗಿ. "ಇದು ನಂದಲ್ಲ."

"ನಿಮ್ಮದಲ್ದೆ ಇನ್ನಾರ್ದು, ಮಾವ?" ಎಂದ ಅಳಿಯ ಸುನೀಲ್‌ಕುಮಾರ್.

"ನೋಡಪ್ಪ, ಎಷ್ಟು ನೆಟ್ಟಗೋಗೈತೆ. ನನ್ನ ಜನ್ಮದಾಗೆ ಒಂದು ಮೊಳೆಯಾದ್ರೂ ಹಿಂಗೋಗೈತಾ?"

ನೆರೆಯವರು ತಲೆಯಾಡಿಸಿದರು. ದೇವರ ಗೂಡನ್ನು ಕಂಡವರೇ ಎಲ್ಲರೂ. ಒಂದೊಂದಾಗಿ ಎಲ್ಲರ ಕಣ್ಣೂ ಮುನಿಗಂಗಮ್ಮನ ಕಡೆ ತಿರುಗಿದವು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

"ಭಯ ಆಯ್ತು," ಎಂದಳು. "ನಾಕೇ ನಾಕು."

ಕೊನೆಗೆ ಮುನಿಗಂಗಮ್ಮನ ಹಳೇ ಸೀರೆಯನ್ನು ತೊಲೆಗೆ ಕಟ್ಟಿದ ಜೋಲಿಯಲ್ಲೇ ಹೆಸರಿಟ್ಟದ್ದಾಯಿತು. ಯಾಮಿನಿಯಾದ ಕೂಸು ಸೊಗಸಾಗಿ ನಿದ್ದೆ ಹೋಯಿತು. ಅಜ್ಜಿ ಅಡುಗೆಮನೆಯ ಮೂಲೆಯಲ್ಲಿ ಗುಗ್ಗರಿ ಆಯುವ ನೆಪದಲ್ಲಿ ಅವಿತಿದ್ದಳು. ಬೈಗುಳ ಬರಬಹುದೆಂದು ಕಾದವಳೆದುರು ಗಂಡ ಬಂದು ಕೂತರು. ಸೀಳಿದ ತೊಟ್ಟಿಲಿನ ಫೋಟೋ ಆಗಲೇ ಗುಂಪಿಗೆ ಹೋಗಿತ್ತು.

"ತಗಾ," ಎಂದು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದರು. "ಬಟನ್ ಒತ್ತಿದೀನಿ. ಬಂಧುಗಳು ಕಾಯ್ತಾವ್ರೆ."

ಮುನಿಗಂಗಮ್ಮ ಗುಗ್ಗರಿ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತು ತಾನಾಗಿಯೇ ಹೊರಬಂತು.

"ನಮಸ್ಕಾರ ಬಂಧುಗಳೇ. ಇವತ್ತು ನಾನು ಮಾಡಿದ ತಪ್ಪು ಏನಪ್ಪಾ ಅಂದ್ರೆ..."