ನೀರಿನ ಮೇಲೆ ಡಬಲ್ಸ್

ಒಂದು ಗಟ್ಟಿ ಕ್ಯಾರಿಯರ್ ಕೊಟ್ಟುಬಿಟ್ಟರೆ ನಮ್ಮ ಭಾವ ಇಡೀ ಟೆಕ್ಸಸ್ಸನ್ನೇ ಅದರ ಮೇಲೆ ಕೂರಿಸಿಕೊಂಡು ಸೈಕಲ್ ತುಳಿಯುತ್ತಾರೆ. ನಗಬೇಡಿ! ಡಲ್ಲಾಸನ್ನು ಮುಂದೆ ಬಾರಿನ ಮೇಲೆ, ಹ್ಯೂಸ್ಟನ್ನನ್ನು ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡಾರು. ಆಸ್ಟಿನ್ ಸಣ್ಣದಲ್ಲವೇ, ಅದನ್ನು ತರಕಾರಿ ಚೀಲದಂತೆ ಹ್ಯಾಂಡಲ್ಲಿಗೆ ನೇತುಹಾಕಿಕೊಂಡಾರು. ಯಾರಾದರೂ "ಬೇಡಿ, ನಡೆದುಕೊಂಡೇ ಬರುತ್ತೇನೆ" ಎಂದರೋ, ಮುಗಿಯಿತು. "ಯಾಕೆ, ನಾನು ಸತ್ತಿದ್ದೀನಾ?" ಎಂದು ಅವರ ಮುಖ ಊದಿಕೊಳ್ಳುತ್ತದೆ.

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಮೈಸೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗಲೇ ಅವರು ಸೈಕಲ್ ಮೇಲೆ ಬಂದಿದ್ದರು. ಹಿಂದೆ ಕ್ಯಾರಿಯರ್ ಮೇಲೆ, ರೇಷ್ಮೆ ಸೀರೆ ಉಟ್ಟ ಅವರ ತಾಯಿ! ಆಕೆ ಮಹಾರಾಣಿಯಂತೆ ಇಳಿದು ಸೆರಗು ಸರಿಮಾಡಿಕೊಂಡದ್ದನ್ನು ನೋಡಿ ನಮ್ಮಪ್ಪ ಉಪ್ಪಿಟ್ಟು ಕೊಡುವ ಮೊದಲೇ ಮನಸ್ಸಿನಲ್ಲಿ ತಾಂಬೂಲ ಬದಲಾಯಿಸಿಕೊಂಡುಬಿಟ್ಟರು. "ತಾಯಿಯನ್ನ ಬೀಳಿಸದೆ ಕರ್ಕೊಂಡು ಬಂದಿದ್ದಾನೆ, ನಮ್ಮ ಹುಡುಗೀನ ಬೀಳಿಸ್ತಾನಾ?" ಎಂಬುದು ಅವರ ತರ್ಕ. ಜಾತಕ ಆಮೇಲೆ ಕೂಡಿಬಂತು.

ಮದುವೆಯಾದ ಹೊಸದರಲ್ಲಿ ದಿನಾ ಸಂಜೆ ಕುಕ್ಕರಹಳ್ಳಿ ಕೆರೆಯ ದಂಡೆಗೆ ಡಬಲ್ಸ್ ಸವಾರಿ. ಕ್ಯಾರಿಯರ್ ಮೇಲೆ ಅಕ್ಕ, ಬಾರಿನ ಮೇಲೆ ಇನ್ನೂ ಹುಡುಗನಾಗಿದ್ದ ನಾನು. ಹೊಸ ಗಂಡ ಹೆಂಡಿರ ನಡುವೆ ನಾನೇಕೆ ಎನ್ನುತ್ತೀರಾ? ಬಾರು ಖಾಲಿ ಹೋಗಬಾರದು ಎಂಬುದು ಭಾವನ ಸಿದ್ಧಾಂತ! ನನ್ನ ನೆತ್ತಿಯ ಮೇಲೆ ಅವರ ಉಸಿರು ಗಾಣದೆತ್ತಿನ ಉಸಿರಿನ ಹಾಗೆ ಬುಸುಬುಸು ಬೀಳುತ್ತಿತ್ತು. ದಾರಿಯಲ್ಲಿ ಏರು ಬಂದ ಕೂಡಲೇ ಅಕ್ಕ ಹಿಂದಿನಿಂದ ಟಣ್ಣನೆ ಇಳಿದುಬಿಡುತ್ತಿದ್ದಳು.

"ಯಾಕೆ ಇಳಿದೆ?"

"ಕಾಲು ಜೋಮು ಹಿಡೀತು ರೀ."

ಏರು ಮುಗಿದರೆ ಜೋಮೂ ಮಾಯ! ಇನ್ನೊಂದು ಏರು ಬಂದರೆ ಮತ್ತೆ ಜೋಮು. ಮೈಸೂರಿನ ಏರುಗಳಿಗೂ ಅಕ್ಕನ ಕಾಲಿನ ನರಗಳಿಗೂ ಏನೋ ಒಳ ಸಂಬಂಧವಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಭಾವ ಮಾತ್ರ ಏರು ಮುಗಿಯುವವರೆಗೆ ಗುಮ್ಮೆಂದು ಇರುತ್ತಿದ್ದರು.

ಆಮೇಲೆ ಭಾವನಿಗೆ ಹ್ಯೂಸ್ಟನ್ನಿನಲ್ಲಿ ಕೆಲಸವಾಯಿತು. ಇಲ್ಲಿಗೆ ಬಂದು ಸೈಕಲ್ ಅಂಗಡಿ ಹೊಕ್ಕವರು ಕೆರಳಿ ಕೆಂಡವಾದರು. ಅಂಗಡಿ ತುಂಬ ಸೈಕಲ್ಲು, ಒಂದಕ್ಕೂ ಕ್ಯಾರಿಯರ್ ಇಲ್ಲ! "ಕ್ಯಾರಿಯರ್ ಇಲ್ಲದ್ದೂ ಒಂದು ಸೈಕಲ್ಲೇನೋ? ತಾನೊಬ್ಬ ಹೋದರೆ ಸಾಕು ಅನ್ನೋರ ಗಾಡಿ!" ಎಂದು ಆಗಿನ್ನೂ ಇಂಡಿಯಾದಲ್ಲೇ ಇದ್ದ ನನಗೆ ಫೋನ್ ಮಾಡಿ ಬೈದರು. ದೂರದ ಕರೆಗೆ ದುಡ್ಡು ಸುರಿಯಬೇಕಿದ್ದ ಕಾಲ ಅದು. ಮನೆಯವರ ಯೋಗಕ್ಷೇಮ ವಿಚಾರಿಸುವಷ್ಟರಲ್ಲಿ ಫೋನ್ ಕಾರ್ಡಿನ ದುಡ್ಡು ಮುಗಿಯಿತು. ಕೊನೆಗೆ ತಾವೇ ಕಬ್ಬಿಣದ ಕ್ಯಾರಿಯರ್ ಮಾಡಿ ಕೂರಿಸಿದರು. ಅಕ್ಕ ಅದಕ್ಕೊಂದು ದಿಂಬು ಹೊಲಿದಳು, ಮೇಲೆ ಗಿಣಿಯ ಕಸೂತಿ. ಹ್ಯೂಸ್ಟನ್ ದೋಸೆಕಲ್ಲಿನಂಥ ಊರು, ಏರೂ ಇಲ್ಲ, ತಗ್ಗೂ ಇಲ್ಲ. "ನಂಗೆ ಈ ಊರು ತುಂಬಾ ಹಿಡಿಸಿದೆ ಕಣೋ, ಜೋಮೇ ಹಿಡಿಯಲ್ಲ" ಎನ್ನುತ್ತಿದ್ದಳು ಅಕ್ಕ.

ಡಲ್ಲಾಸ್ ಪಕ್ಕದ ಯೂಲೆಸ್‌ಗೆ ಶಿಫ್ಟ್ ಆದ ಮೇಲೂ ಸವಾರಿ ನಿಲ್ಲಲಿಲ್ಲ. ವಿಮಾನಗಳು ನೆತ್ತಿ ಸವರಿಕೊಂಡು ಇಳಿಯುವ ಆ ಊರಿನಲ್ಲಿ ಜನ ಎದುರು ಮನೆಗೂ ಕಾರಿನಲ್ಲಿ ಹೋಗುತ್ತಾರೆ. ಅಂಥಲ್ಲಿ ಸೀರೆಯುಟ್ಟ ಹೆಂಗಸೊಬ್ಬಳು ಕರಿಬೇವಿನ ಕಟ್ಟು ಹಿಡಿದು, ಸೈಕಲ್ಲಿನ ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಹೋಗುತ್ತಿದ್ದರೆ ಪೊಲೀಸಿನವನು ಸುಮ್ಮನಿರುತ್ತಾನೆಯೇ? ದೀಪ ಮಿನುಗಿಸುತ್ತ ಬಂದು ನಿಲ್ಲಿಸಿದ.

"ಮೇಡಂ, ಆರ್ ಯು ಓಕೆ?"

ಅಕ್ಕ ತನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ, ಮದುವೆಯಾದಾಗಿನಿಂದ ಹೀಗೇ ಎಂದುಬಿಟ್ಟಳು! ಅವನ ಮುಖ ಇನ್ನಷ್ಟು ಗಂಭೀರವಾಯಿತು. ಹಿಂದೆ ಕೂರುವವರಿಗೆ ಸರಿಯಾದ ಸೀಟು ಇರಬೇಕು ಎಂದು ಭಾವನಿಗೆ ಕಾನೂನು ಹೇಳಿದ. ಭಾವ ಅಕ್ಕನನ್ನು ಇಳಿಸಿ ಗಿಣಿಯ ದಿಂಬು ತೋರಿಸಿದರು. ಆ ಆಜಾನುಬಾಹು ಬಗ್ಗಿ, ಎರಡು ಬೆರಳಿನಿಂದ ಗಿಣಿಯ ಹೊಟ್ಟೆ ಒತ್ತಿ ನೋಡಿ, "ನೈಸ್" ಎಂದು ಹೊರಟುಹೋದ.

ಅಷ್ಟರಲ್ಲಿ ನಾನೂ ಬಂದು ಆಸ್ಟಿನ್ನಿನಲ್ಲಿ ನೆಲೆಸಿದ್ದೆ. ಭಾವ ಕಾರು ಓಡಿಸುತ್ತಿದ್ದದ್ದೂ ಸೈಕಲ್ಲಿನ ಹಾಗೆಯೇ. ಡಲ್ಲಾಸಿನ ಆಕಾಶದೆತ್ತರದ ಫ್ಲೈಓವರ್ ಹತ್ತುವಾಗ ಸೀಟಿನಿಂದ ಅರ್ಧ ಎದ್ದು ಸ್ಟೀರಿಂಗ್ ಮೇಲೆ ಬಾಗುತ್ತಿದ್ದರು, ಏರಿನಲ್ಲಿ ಪೆಡಲ್ ಮೇಲೆ ನಿಂತು ತುಳಿಯುವವರಂತೆ. ಇಳಿಜಾರಿನಲ್ಲಿ ಹಾಯಾಗಿ ಒರಗಿ "ಅಬ್ಬಾ" ಎನ್ನುತ್ತಿದ್ದರು. ಪಕ್ಕದಲ್ಲಿ ಕೂತ ನಮಗೂ ಕಾಲು ನೋವು ಬರುತ್ತಿತ್ತು.

ಹೀಗಿದ್ದ ಭಾವನಿಗೆ ಹೋದ ವರ್ಷ ಕಣ್ಣು ಕೈಕೊಟ್ಟಿತು. ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಕಾರೂ ಬೇಡ, ಸೈಕಲ್ಲೂ ಬೇಡ ಎಂದರು ಡಾಕ್ಟರು. ಸೈಕಲ್ಲು ಗ್ಯಾರೇಜಿನ ಕೊಕ್ಕೆಯಲ್ಲಿ ಬಾವಲಿಯಂತೆ ತಲೆಕೆಳಗಾಗಿ ನೇತಾಡತೊಡಗಿತು. ಹ್ಯೂಸ್ಟನ್ ಪಕ್ಕದ ವುಡ್‌ಲ್ಯಾಂಡ್ಸ್‌ನಲ್ಲಿರುವ ಅವರ ಮಗಳು, ಪಾಪ, ಮನೆಯೊಳಗೇ ತುಳಿಯುವ ವ್ಯಾಯಾಮದ ಸೈಕಲ್ ಕಳಿಸಿದಳು. ಭಾವ ಅದನ್ನು ಒಂದು ಸುತ್ತು ಹಾಕಿ ನೋಡಿ, "ಎಷ್ಟು ತುಳಿದ್ರೂ ಎಲ್ಲಿಗೂ ಹೋಗಲ್ಲ, ಯಾರನ್ನೂ ಕೂರಿಸ್ಕೊಳ್ಳಲ್ಲ. ಇದ್ಯಾವ ಸೀಮೆ ಗಾಡಿ?" ಎಂದು ಕೈಬಿಟ್ಟರು. ಅಕ್ಕ ಅದರ ಮೇಲೆ ಟವೆಲ್ ಒಣಹಾಕಲು ಶುರುಮಾಡಿದಳು.

ಅಷ್ಟು ವರ್ಷ ಗಂಡನ ಹಿಂದೆ ಕೂತಿದ್ದ ಅಕ್ಕ ಈಗ ಕಾರು ಓಡಿಸುವವಳಾದಳು. ಒಂದು ದಿನ ನನಗೆ ಫೋನ್ ಮಾಡಿದಳು.

"ಕಾರಲ್ಲಿ ಹಿಂದಿನ ಸೀಟಲ್ಲಿ ಕೂತ್ಕೋತಾರೆ ಕಣೋ ನಿಮ್ಮ ಭಾವ. ಮುಂದೆ ಬನ್ರೀ ಅಂದ್ರೆ ಬರಲ್ಲ. ತುಳಿಯೋರು ಮುಂದೆ, ಭಾರ ಹಿಂದೆ ಅಂತಾರೆ."

ನಾನು ಎಂದಿನಂತೆ ಜೋರಾಗಿ ನಕ್ಕೆ. ಅಕ್ಕ ನಗಲಿಲ್ಲ. "ಮನೇಲೂ ಮಾತು ಕಡಿಮೆಯಾಗಿದೆ. ಯಾರಾದ್ರೂ ಬಂದ್ರೆ ಎದ್ದು ಒಳಗೆ ಹೋಗ್ತಾರೆ" ಎಂದಳು. ಲೋಕವನ್ನೆಲ್ಲ ಹೊತ್ತು ತಿರುಗಿದ ಮನುಷ್ಯ ತಾನೇ ಒಂದು ಹೊರೆ ಎಂದುಕೊಂಡುಬಿಟ್ಟರೆ ಅವರನ್ನು ಎತ್ತುವವರು ಯಾರು? ಅವರನ್ನು ಆ ಹಿಂದಿನ ಸೀಟಿನಿಂದ ಎಬ್ಬಿಸಲೇಬೇಕಿತ್ತು.

ಉಪಾಯ ನಮ್ಮ ಆಸ್ಟಿನ್ನಿನ ನೀರಿನ ಮೇಲೆಯೇ ತೇಲುತ್ತಿತ್ತು. ಊರಿನ ನಡುವೆ ಹರಿಯುವ ನದಿಗೆ ಕಟ್ಟೆ ಕಟ್ಟಿ ಕೆರೆ ಮಾಡಿದ್ದಾರಲ್ಲ, ಅಲ್ಲಿ ಒಂದು ಬಗೆಯ ದೋಣಿಯಿದೆ. ನಡುವೆ ಉದ್ದನೆಯ ಕಟ್ಟೆಯಂಥ ಮೇಜು, ಎರಡೂ ಕಡೆ ಎದುರುಬದುರಾಗಿ ಸೈಕಲ್ ಸೀಟುಗಳು, ಪ್ರತಿ ಸೀಟಿನ ಕೆಳಗೂ ಪೆಡಲು. ಹತ್ತಿದವರೆಲ್ಲ ಕುಡಿಯುತ್ತ, ಹರಟುತ್ತ, ದಡದ ಊರು ನೋಡುತ್ತ ತುಳಿಯಬೇಕು. ಚುಕ್ಕಾಣಿಗೆ ಕ್ಯಾಪ್ಟನ್ ಒಬ್ಬಳಿರುತ್ತಾಳೆ. ಅಡ್ಡ ಬರುವ ಗಾಡಿಯ ಭಯವಿಲ್ಲ! ನಾನು ಬುಕ್ ಮಾಡಿ ಭಾವನಿಗೆ ತಿಳಿಸಿದೆ. ಡ್ರಿಂಕ್ಸ್ ನಾವೇ ತರಬೇಕಂತೆ ಎಂದೂ ಹೇಳಿದೆ.

"ಕರೆದೋರು ಒಂದು ಲೋಟ ಪಾನಕನೂ ಕೊಡಲ್ವಾ?" ಎಂದರು ಭಾವ. "ನಾವು ಹೋದಲ್ಲಿ ಹಾಗೆಲ್ಲ ಆಗಬಾರ್ದು. ಎಲ್ಲರಿಗೂ ನಾನೇ ತರ್ತೀನಿ."

ತಂದರು! ಯೂಲೆಸ್‌ನಿಂದ ಆಸ್ಟಿನ್‌ವರೆಗೆ ಕಾರಿನ ಹಿಂದಿನ ಸೀಟಿನಲ್ಲಿ, ಮದುವೆ ಮನೆಯಲ್ಲಿಡುವಂಥ ಸ್ಟೀಲ್ ಕ್ಯಾನನ್ನು ಮಗುವಿನಂತೆ ತಬ್ಬಿಕೊಂಡು ಬಂದರು. ಅದರ ತುಂಬ ಮಜ್ಜಿಗೆ. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ. ನನ್ನ ಹದಿನೈದರ ಮಗಳು ಹಣೆ ಚಚ್ಚಿಕೊಂಡಳು. "ಡ್ಯಾಡ್, ಇಟ್ಸ್ ಎ ಪಾರ್ಟಿ ಬೋಟ್!"

ದೋಣಿಯಲ್ಲಿ ನಮ್ಮ ಮನೆಯವರು ಒಂದು ತುದಿ. ಇನ್ನೊಂದು ತುದಿಯಲ್ಲಿ ಮದುಮಗಳಾಗಲಿದ್ದ ಒಬ್ಬ ಹುಡುಗಿ, ತಲೆಯ ಮೇಲೆ ಬಿಳಿ ಬಟ್ಟೆಯ ತುಣುಕು, ಸುತ್ತ ಗೆಳತಿಯರು, ಐಸಿನಲ್ಲಿ ಹೂತ ವೈನ್ ಡಬ್ಬಿಗಳು. ಭಾವ ಸುಮ್ಮನಿದ್ದಾರೆಯೇ? ಹುಡುಗಿಗೆ ಮದುವೆ ಎಂದು ತಿಳಿದದ್ದೇ ತಡ, ಪೇಪರ್ ಲೋಟಗಳಲ್ಲಿ ಮಜ್ಜಿಗೆ ಹಂಚಿಬಿಟ್ಟರು. ಒಂದು ಗುಟುಕಿಗೆ ಆ ಹುಡುಗಿ ಕಣ್ಣು ಅರಳಿ, ಮೂಗು ಕೆಂಪಾಗಿ, "ಇದರೊಳಗೆ ಏನು ಮದ್ಯ ಹಾಕಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಇಂಗು" ಎಂದರು ಭಾವ. ಎಲ್ಲರೂ ಇನ್ನೊಂದು ಲೋಟ ಕೇಳಿ ಕುಡಿದರು.

ಕ್ಯಾಪ್ಟನ್ ಸೀಟಿ ಊದಿ, ಎಲ್ಲರೂ ತುಳಿಯಿರಿ ಎಂದಳು. ಅಲ್ಲಿಗೆ ಶುರುವಾಯಿತು ನೋಡಿ! ಭಾವ ಕೈ ಎತ್ತಿ ದೋಣಿಗೆಲ್ಲ ಕೇಳುವಂತೆ ಸಾರಿದರು: "ನೋ, ನೋ! ಯು ಸಿಟ್. ಐ ಪೆಡಲ್!"

"ಆದರೆ ಅಂಕಲ್, ಇದು ಎಲ್ಲರೂ ತುಳಿಯುವ ದೋಣಿ" ಎಂದಳು ಮದುಮಗಳು, ಅವಳ ಭಾಷೆಯಲ್ಲಿ. ಭಾವನನ್ನು ಅಂಕಲ್ ಎನ್ನಲು ಅವಳಿಗೆ ಆಗಲೇ ನನ್ನ ಮಗಳಿಂದ ಟ್ರೈನಿಂಗ್ ಆಗಿತ್ತು.

"ಮದುವೆ ಹೆಣ್ಣು ತುಳೀಬಾರ್ದಮ್ಮ, ಕೂತ್ಕೋ" ಎಂದರು ಭಾವ, ಅಚ್ಚ ಕನ್ನಡದಲ್ಲಿ. ಅವಳಿಗೆ ಅದು ಹೇಗೋ ಅರ್ಥವಾಯಿತು, ಕಾಲು ಎತ್ತಿಕೊಂಡಳು. ಅವಳನ್ನು ನೋಡಿ ಗೆಳತಿಯರೂ ಎತ್ತಿಕೊಂಡರು. ನಾವು ಮೊದಲೇ ಎತ್ತಿಕೊಂಡಿದ್ದೆವು, ನಮಗೆ ಭಾವ ಗೊತ್ತಲ್ಲ! ಅಷ್ಟೂ ಜನರನ್ನು ಹೊತ್ತ ದೋಣಿಯನ್ನು ಭಾವ ಒಬ್ಬರೇ ತುಳಿದರು. ಅದು ಅಲ್ಲೇ ನಿಂತು ಒಮ್ಮೆ ಮೈ ಕುಲುಕಿತು, ಅಷ್ಟೆ. ಪಕ್ಕದಲ್ಲಿ ಒಂದು ಆಮೆ ನಮ್ಮನ್ನು ಹಿಂದೆ ಹಾಕಿ ಹೋಯಿತು. ಭಾವನ ಉಸಿರು ಬುಸುಬುಸು ಎನ್ನತೊಡಗಿತು. ಅವರು ಸೋತುಬಿಡುತ್ತಾರೇನೋ, ಇದೂ ಆಗಲಿಲ್ಲವೆಂದು ಇನ್ನಷ್ಟು ಒಳಗೆ ಸೇರಿಕೊಳ್ಳುತ್ತಾರೇನೋ ಎಂದು ನನಗೆ ದಿಗಿಲಾಯಿತು.

ಆಗ ಕ್ಯಾಪ್ಟನ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಹಿಂದಿನ ಪುಟ್ಟ ಮೋಟಾರಿನ ಗುಂಡಿ ಒತ್ತಿದಳು. ದೋಣಿ ಸುಯ್ಯೆಂದು ಹೊರಟಿತು! ಮಗಳು "ಮಾವ, ದಟ್ಸ್ ದ..." ಎನ್ನುವಷ್ಟರಲ್ಲಿ ನಾನು ಅವಳ ಬಾಯಿಗೆ ಮಜ್ಜಿಗೆ ಲೋಟ ಹಿಡಿದೆ. ಭಾವ ಹಿಗ್ಗಿ ಹೀರೇಕಾಯಿಯಾದರು. ಸೇತುವೆ ಬಂತು, ಎತ್ತರದ ಗಾಜಿನ ಕಟ್ಟಡಗಳು ಬಂದವು, ದಡದಲ್ಲಿ ಓಡುವವರು ಕೈ ಬೀಸಿದರು. ಭಾವ ಎಲ್ಲರಿಗೂ ಪ್ರತಿ ಕೈ ಬೀಸುತ್ತ, ಆಸ್ಟಿನ್ನಿನ ಸಂಜೆಯನ್ನೇ ಕೂರಿಸಿಕೊಂಡು ಡಬಲ್ಸ್ ಹೊಡೆಯುತ್ತಿದ್ದರು.

ಅಕ್ಕ ಮೇಜಿನ ಆಚೆ, ಅವರಿಗೆ ಸರಿಯಾಗಿ ಎದುರು ಕೂತಿದ್ದಳು. ಚಕ್ರದ ಕಡ್ಡಿಗೆ ಸಿಗಬಾರದೆಂದು ಕ್ಯಾರಿಯರ್ ಮೇಲೆ ಮಾಡುತ್ತಿದ್ದಂತೆ ಇಲ್ಲೂ ಕಾಲು ಎತ್ತಿ ಹಿಡಿದಿದ್ದಳು. ದಡ ನೋಡುತ್ತಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು, ಯಾರೋ ಹೊಸಬರನ್ನು ನೋಡುವವಳಂತೆ.

"ರೀ" ಎಂದಳು. "ನೀವು ನಗ್ತಾ ಇದ್ದೀರಿ."

"ಹೂಂ. ಏನೀಗ?"

"ತುಳಿಯೋವಾಗ ಯಾವಾಗ್ಲೂ ಹೀಗೇ ನಗ್ತಿದ್ರಾ?"

"ಮತ್ತೆ ಅಳ್ತಾರಾ? ನೀನು ಹಿಂದೆ ಕೂತಿರ್ತಿದ್ದೆ."

ಅಕ್ಕ ಮೆಲ್ಲಗೆ ಹೇಳಿದಳು. "ನಂಗೆ ಕಾಣ್ತಿದ್ದದ್ದು ನಿಮ್ಮ ಬೆನ್ನು ಒಂದೇ. ಆ ಏದುಸಿರು ಕೇಳಿ, ನನ್ನ ಭಾರ ತಡೀಲಾರದೆ ಹಲ್ಲು ಕಚ್ಕೊಂಡು ತುಳೀತಿದ್ದೀರಿ ಅಂದ್ಕೊಂಡಿದ್ದೆ. ಅದಕ್ಕೇ ಏರು ಬಂದ್ರೆ ಇಳೀತಿದ್ದೆ. ಜೋಮೂ ಇಲ್ಲ, ಏನೂ ಇಲ್ಲ."

ಭಾವ ತುಳಿಯುವುದನ್ನು ನಿಲ್ಲಿಸಿಬಿಟ್ಟರು. "ಅಯ್ಯೋ ಇವಳೇ! ನೀನು ಇಳಿದಾಗಲೇ ನಂಗೆ ಭಾರ ಆಗ್ತಿದ್ದದ್ದು. ನನ್ನ ತುಳಿತದ ಮೇಲೆ ನಂಬಿಕೆ ಇಲ್ಲ ಇವಳಿಗೆ ಅನ್ನಿಸೋದು."

ನಾನು ಬಾರಿನ ಮೇಲೆ ಕೂತು ಇಷ್ಟು ಸವಾರಿ ಮಾಡಿದವನು. ನನಗೂ ಆ ಮುಖ ಕಂಡಿರಲಿಲ್ಲ. ಮೂವರೂ ಮುಂದಕ್ಕೇ ನೋಡಿಕೊಂಡು ಹೋಗಿದ್ದೆವಲ್ಲ! ಆಗಲೇ ಭಾವ ಕೆಳಗೆ ಬಗ್ಗಿ ನೋಡಿ ಗಾಬರಿಯಾದರು.

"ಲೋ, ನಾನು ನಿಲ್ಲಿಸಿದ್ರೂ ಹೋಗ್ತಾ ಇದೆಯಲ್ಲೋ ಇದು?"

ಕ್ಯಾಪ್ಟನ್ ಗಕ್ಕನೆ ಮೋಟಾರು ಆರಿಸಿದಳು. ನನ್ನ ಮಗಳೇ ಕಾಪಾಡಿದಳು. "ಮೊಮೆಂಟಮ್, ಮಾವ!"

"ನೋಡಿದ್ಯಾ, ಹಾಗಿದೆ ತುಳಿತ!" ಎಂದರು ಭಾವ.

ಅಕ್ಕ ತನ್ನ ಕಾಲು ಇಳಿಸಿ ಪೆಡಲಿನ ಮೇಲಿಟ್ಟಳು. ಭಾವ ಬೇಡವೆನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಮದುಮಗಳೂ ಕಾಲು ಇಳಿಸಿದಳು, ನಾವೂ ಇಳಿಸಿದೆವು. ಮೋಟಾರಿಲ್ಲದೆ, ಮಜ್ಜಿಗೆಯ ಬಲದಿಂದ ದಡ ಸೇರಿದೆವು.

ಮರುದಿನ ತಿಂಡಿ ಮುಗಿಸಿ ಅವರು ಯೂಲೆಸ್‌ಗೆ ಹೊರಟರು. ಭಾವ ಕಾರಿನ ಹಿಂದಿನ ಬಾಗಿಲು ತೆರೆದರು. ಮತ್ತೆ ಹಿಂದಕ್ಕೇ ಎಂದುಕೊಂಡೆ. ಅವರು ಖಾಲಿ ಕ್ಯಾನನ್ನು ಅಲ್ಲಿಟ್ಟು, ಬಾಗಿಲು ಹಾಕಿ, ಮುಂದೆ ಬಂದು ಅಕ್ಕನ ಪಕ್ಕ ಕೂತರು.

"ಇದೇನು, ಇವತ್ತು ಮುಂದೆ?" ಎಂದಳು ಅಕ್ಕ.

"ನಂಗೂ ಇಷ್ಟು ದಿನ ನಿನ್ನ ತುರುಬೇ ಕಾಣ್ತಿತ್ತು. ನನ್ನ ಕರ್ಕೊಂಡು ಹೋಗೋವಾಗ ನಗ್ತೀಯೋ, ಹಲ್ಲು ಕಚ್ಕೋತೀಯೋ ನೋಡ್ಬೇಡ್ವಾ?"

ಪಕ್ಕದ್ದು ಅವರಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಸೀಟಿನಲ್ಲಿ ಪೂರ್ತಿ ಅವಳ ಕಡೆ ತಿರುಗಿ, ಅಕ್ಕ ಕ್ಯಾರಿಯರ್ ಮೇಲೆ ಕೂರುತ್ತಿದ್ದಂತೆ ವಾರೆಯಾಗಿ ಕೂತರು. "ನೆಟ್ಟಗೆ ಕೂತು ಬೆಲ್ಟ್ ಹಾಕ್ಕೊಳ್ರೀ" ಎಂದು ಅಕ್ಕ ಗದರಿದಳು. ಬೆಲ್ಟ್ ಹಾಕಿಕೊಂಡರು, ನೆಟ್ಟಗಾಗಲಿಲ್ಲ.

ನಮ್ಮ ಬೀದಿಯ ಕೊನೆಗೆ ಒಂದು ಏರು ಇದೆ. ಕಾರು ಅದನ್ನು ಹತ್ತುವಾಗ ನಾನು ಗೇಟಿನ ಬಳಿ ನಿಂತು ನೋಡಿದೆ. ಹಿಂದಿನ ಗಾಜಿನಲ್ಲಿ ಎರಡು ತಲೆ ಕಾಣುತ್ತಿದ್ದವು. ಅಕ್ಕ ಸ್ಟೀರಿಂಗ್ ಮೇಲೆ ಮುಂದಕ್ಕೆ ಬಾಗಿದ್ದಳು. ಭಾವ ಅವಳ ಮುಖವನ್ನೇ ನೋಡುತ್ತಿದ್ದರು. ಏರು ಮುಗಿಯುವವರೆಗೂ ಯಾರೂ ಇಳಿಯಲಿಲ್ಲ.