ಈಳಿಗೆಮಣೆಯ ಮುಂದೆ ಕೂತ ರಾಣಿ

ನಮ್ಮ ಸೋದರಮಾವನಿಗೆ ಹುಚ್ಚಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತ ಓದುತ್ತ ನಿಮಗೆ ಬೇರೆ ಅನುಮಾನ ಬಂದರೆ ನಾನು ಹೊಣೆಯಲ್ಲ!

ಐವತ್ತರ ದಶಕದ ಕೊನೆಯ ಮಾತು. ಮಾವ ಮಧುಗಿರಿಯಲ್ಲಿ ಮೇಷ್ಟ್ರು. ನನಗೂ ಅದೇ ಸ್ಕೂಲಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿ, ಅವರ ಮನೆಯಲ್ಲೇ ಉಳಿದಿದ್ದೆ. ಆ ವರ್ಷ ಊರಲ್ಲಿ ಒಂದು ತಿಂಗಳು ಹಳೆಗನ್ನಡ ಕಾವ್ಯವಾಚನ ನಡೆಯಿತು. ಕಾವ್ಯದ ರಾಜ ಬೇಟೆಗೆ ಹೋಗಿ ಕಾಡಿನಲ್ಲಿ ಕಳೆದುಹೋಗುತ್ತಾನೆ, ರಾಣಿ ಅವನನ್ನು ಹುಡುಕುತ್ತ ಅಳುತ್ತಾಳೆ. ಅವಳು ಅಳುವ ಹೊತ್ತಿಗೆ ಕೇಳುವವರೆಲ್ಲ ಗೊರಕೆ! ಚಿತ್ರಗಳಿದ್ದರೆ ಜನ ಎಚ್ಚರವಾಗಿರುತ್ತಿದ್ದರು ಎಂಬುದು ಮಾವನ ಸಿದ್ಧಾಂತ. ಆ ಕಾವ್ಯದ ಚಿತ್ರಪುಸ್ತಕ ಮಾಡುತ್ತೇನೆಂದು ಸ್ಟಾಫ್ ರೂಮಿನಲ್ಲಿ ಸಾರಿಬಿಟ್ಟರು. ಪ್ರೆಸ್ಸಿನವನು ತಾನು ಲಗ್ನಪತ್ರಿಕೆ ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದ. ಮಾವ ತಾವೇ ಮರದಲ್ಲಿ ಕೆತ್ತಿ, ತಾವೇ ಅಚ್ಚೊತ್ತುವುದಾಗಿ ಹೇಳಿ ಬಂದರು. ಅಲ್ಲಿಯವರೆಗೆ ಅವರು ಕೆತ್ತಿದ್ದು ಪೆನ್ಸಿಲ್ ಮಾತ್ರ.

ಮರ ಎಲ್ಲಿಂದ? ಅತ್ತೆಯ ಚಪಾತಿ ಮಣೆ ಇರಲಿಲ್ಲವೇ! ಅದರ ಮೇಲೊಂದು ಜಿಂಕೆ ಕೆತ್ತಿ, ಯಾರಿಗೂ ಹೇಳದೆ ಮತ್ತೆ ಒಲೆಯ ಪಕ್ಕ ಇಟ್ಟರು. ಮರುದಿನ ಕೊರಟಗೆರೆಯ ಬೀಗರ ಎಲೆಗೆ ಬಿದ್ದ ಚಪಾತಿಗಳ ಮೇಲೆಲ್ಲ ಜಿಂಕೆ. ಬೀಗರು ಅಪ್ಪಟ ಸಸ್ಯಾಹಾರಿಗಳು. ಎಲೆ ಬಿಟ್ಟೆದ್ದರು!

ಆಮೇಲೆ ಎರಡು ತಿಂಗಳು ಕೂತು ಎಂಟು ಸಾಲಿನ ಪದ್ಯವೊಂದನ್ನು ಹಲಗೆಯ ಮೇಲೆ ಮುದ್ದಾಗಿ ಕೆತ್ತಿದರು. ಶಿರಾದಲ್ಲಿ ಬಾಗಿಲಿಗೆ ಹೂಬಳ್ಳಿ ಕೆತ್ತುವ ಒಬ್ಬ ಸಾಹೇಬರಿದ್ದರು. ಅವರ ಮೆಚ್ಚುಗೆ ಪಡೆಯಲೆಂದು ಬಸ್ಸು ಹತ್ತಿದರು. ಸಾಹೇಬರು ಹಲಗೆಗೆ ಮಸಿ ಬಳಿದು, ಕಾಗದ ಒತ್ತಿ, ಎತ್ತಿ ನೋಡಿದರು.

“ಮೇಷ್ಟ್ರೇ, ಇದು ಕನ್ನಡ ಅಲ್ಲ, ಕನ್ನಡಿ.”

ಅಚ್ಚಿನ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಬೇಕೆಂಬುದು ನಮ್ಮ ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ! ಆದರೆ ಸಾಹೇಬರು ನಗಲಿಲ್ಲ. ತಮ್ಮದೇ ಸಣ್ಣ ಉಳಿಯೊಂದನ್ನು ಕೈಗಿಟ್ಟು, ಭಾನುವಾರ ಭಾನುವಾರ ಬರಲು ಹೇಳಿದರು. ಮಾವ ಆರು ತಿಂಗಳು ಹೋದರು. ಮೊದಮೊದಲು ಕಲಿತದ್ದು ಉರ್ದು ಹೆಚ್ಚು, ಕೆತ್ತನೆ ಕಮ್ಮಿ.

ಒಂದೊಂದೇ ಚಿತ್ರ ಕೆತ್ತಿ ಮುಗಿದು, ಕೊನೆಗೆ ಉಳಿದದ್ದು ಅಳುವ ರಾಣಿ. ನೋಡಿ ಬರೆಯಲು ಒಂದು ಹೆಣ್ಣುಮುಖ ಬೇಕಲ್ಲ? ಅತ್ತೆಯನ್ನು ಕೇಳಿದರು.

“ಅಳಾಕೆ ನಂಗೆ ಪುರುಸೊತ್ತಿಲ್ಲ,” ಎಂದರು ಅತ್ತೆ. “ಈರುಳ್ಳಿ ಹೆಚ್ಚೊತ್ಗೆ ಬನ್ನಿ, ಬೇಕಾದಷ್ಟು ಅತ್ಕೊಡ್ತೀನಿ.”

ಮಾವ ಹೋದರು. ಕಂಡದ್ದನ್ನು ಕಂಡ ಹಾಗೇ ಕೆತ್ತಿದರು, ಈಳಿಗೆಮಣೆಯ ಸಮೇತ!

ದೀಪದ ಕಾಡಿಗೆಗೆ ಹರಳೆಣ್ಣೆ ಬೆರೆಸಿ, ಹಿತ್ತಾಳೆ ಚೊಂಬಿನ ತಳದಿಂದ ಉಜ್ಜಿ ಉಜ್ಜಿ ಹನ್ನೆರಡು ಪ್ರತಿ ಒತ್ತಿದರು. ಒಂದು ಪ್ರತಿ ಸ್ಟಾಫ್ ರೂಮಿಗೆ ಹೋಯಿತು. ನಟ್ಟನಡುಗಾಡಿನಲ್ಲಿ ರಾಣಿಗೆ ಈಳಿಗೆಮಣೆ ಎಲ್ಲಿಂದ ಬಂತೆಂದು ಹೆಡ್‌ಮೇಷ್ಟ್ರು ಕೇಳಿದರು. ರಾಣಿಯಾದರೂ ಸಾರು ಅವಳೇ ಮಾಡಿಕೊಳ್ಳಬೇಕಲ್ಲ ಎಂದು ಮಾವ ಸಮರ್ಥಿಸಿಕೊಂಡರು. ಕೊನೆಯ ಬೆಲ್ಲಿನವರೆಗೂ ನಗು ನಿಲ್ಲಲಿಲ್ಲ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ?

ಮಾವ ಮನೆಗೆ ಬಂದವರೇ ಉಳಿದ ಹನ್ನೊಂದು ಪ್ರತಿಗಳನ್ನು ಟ್ರಂಕಿಗೆ ತುಂಬಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟಕ್ಕೆ ಕರೆದರೆ ಬೇಡವೆಂದರು.

ಅತ್ತೆ ಅಡುಗೆಮನೆಗೆ ನನ್ನನ್ನು ಕರೆದು, ಟ್ರಂಕಿನಿಂದ ಒಂದು ಪುಸ್ತಕ ತರಲು ಹೇಳಿದರು. ಅವರಿಗೆ ಓದು ಬರುತ್ತಿರಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದೊಂದೇ ಹಾಳೆ ತಿರುವಿ, ರಾಣಿಯ ಚಿತ್ರಕ್ಕೆ ಬಂದು ನಿಂತರು. ತಲೆಯ ಮೇಲೆ ಕಿರೀಟವಿರಲಿಲ್ಲ. ಮುಂಗೈ ಮೇಲೆ ಒಲೆ ಸುಟ್ಟ ಕಲೆಯಿತ್ತು. ಸೆರಗಿನ ತೇಪೆಯಿತ್ತು, ತೇಪೆಯ ಹೊಲಿಗೆಯಿತ್ತು. ಕಿವಿಯ ಹಿಂದೆ ಜಾರಿದ ಕೂದಲ ಎಳೆಯೂ ಇತ್ತು. ಅತ್ತೆ ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು.

“ನನ್ ಮಖ ನೋಡಿ ಮಾತಾಡೋರೇ ಅಲ್ಲ ಇವ್ರು,” ಎಂದರು ಮೆಲ್ಲಗೆ. “ಎಲ್ಲಾ ನೋಡವ್ರೆ ಕಣಮ್ಮ.”