ತೆರಕಣಾಂಬಿಯ ತುಪ್ಪಳದ ಕೋಟುಗಳು

ನೀನು ಏನು ಕೆಲಸ ಮಾಡ್ತೀಯ ಅಂತ ಯಾರಾದರೂ ಕೇಳಿದಾಗಲೆಲ್ಲ ನನ್ನ ಮಾನ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಲೇ ಬಂದಿದೆ. ಇಷ್ಟು ವರ್ಷವಾದ ಮೇಲೆ ಇನ್ನು ಹೋಗಲು ಏನೂ ಉಳಿದಿರಲಿಕ್ಕಿಲ್ಲ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಇನ್ನೊಬ್ಬರು ಕೇಳುತ್ತಾರೆ.

ಕೆಲಸ ಇಷ್ಟೇ. ಚಳಿ ದೇಶದ ಹೆಂಗಸರು ತೊಡುವ ರೋಮದ ಕೋಟು ಇರುತ್ತದಲ್ಲ, ಫರ್ ಕೋಟು, ಅದನ್ನು ಹೊಲಿಯುವುದಕ್ಕೆ ಮುಂಚೆ ಹೇಗೆ ಕಾಣುತ್ತದೆ ಅಂತ ಒಂದು ಚಿತ್ರ ಬೇಕು. ನಮ್ಮ ಸ್ಟುಡಿಯೋ ಸರ್ ಹೆಂಗಸಿನ ಆಕಾರ, ಕೋಟಿನ ಅಂಚು ಗೀಚಿ ಕೊಡುತ್ತಾರೆ. ಅದರ ಮೇಲೆ ತುಪ್ಪಳ ಬರೆಯುವವಳು ನಾನು. ಟ್ಯಾಬಿನ ಗಾಜಿನ ಮೇಲೆ ಪೆನ್ನು ಹಿಡಿದು ಮೊದಲು ಬುಡದ ನೆರಳು, ಆಮೇಲೆ ಗಿಡ್ಡ ರೋಮ, ಅದರ ಮೇಲೆ ಉದ್ದ ರೋಮ, ಕೊನೆಗೆ ತುದಿಗಳಿಗೆ ಬೆಳಕು. ಎಲ್ಲ ಒಂದೊಂದೇ ಎಳೆ. ಸ್ಟುಡಿಯೋ ಇರುವುದು ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹಿಂದೆ, ಮೊಬೈಲ್ ಅಂಗಡಿಯ ಮಹಡಿ ಮೇಲೆ, ಶೀಟಿನ ಸೂರಿನಡಿ. ಹಿಮದ ಕೋಟು ಬರೆಯುತ್ತಾ ಮೈತುಂಬ ಬೆವರುಸಾಲೆ ಬರಿಸಿಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಹೆಣ್ಣು ನೋಡಲು ಬಂದವರು

ಉಡಿಗಾಲದಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗ, ಅವನ ತಾಯಿ, ಜೊತೆಗೆ ಅಜ್ಜಿ. ಅಪ್ಪ ಹಿಂದಿನ ದಿನವೇ ನನಗೆ ಪಾಠ ಹೇಳಿಕೊಟ್ಟಿದ್ದ: ಕೆಲಸ ಏನು ಅಂತ ಕೇಳಿದರೆ ಕಂಪ್ಯೂಟರ್ ಅಂತ ಹೇಳಿ ಸುಮ್ಮನಾಗು, ಕೂದಲಿನ ಮಾತು ಎತ್ತಬೇಡ. ನಾನೂ ಹಾಗೇ ಹೇಳಿದೆ. ಆದರೆ ಹುಡುಗ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ಕಂಪ್ಯೂಟರಿನಲ್ಲಿ ಏನು ಮಾಡುತ್ತೀರಿ ಅಂತ ಕೇಳಿದ. ಅವನು ಕೇಳಿದ ರೀತಿ ನನಗೆ ಹಿಡಿಸಿತು. ನನ್ನ ಕೆಲಸವನ್ನು ಅಷ್ಟು ಗಮನಕೊಟ್ಟು ಅದುವರೆಗೆ ಯಾರೂ ವಿಚಾರಿಸಿರಲಿಲ್ಲ.

ಒಳಗೆ ಹೋಗಿ ಟ್ಯಾಬ್ ತಂದು, ಆ ವಾರವಷ್ಟೇ ಮುಗಿಸಿದ್ದ ಕಂದು ಕೋಟು ತೋರಿಸಿದೆ. ಕತ್ತಿನಿಂದ ಮೊಣಕಾಲಿನವರೆಗೆ ದಟ್ಟ ರೋಮ, ತಲೆಗೆ ಅದರದ್ದೇ ಟೋಪಿ. ಇಷ್ಟಪಟ್ಟು ಬರೆದ ಚಿತ್ರ. ಹುಡುಗ ತುಂಬ ಚೆನ್ನಾಗಿದೆ ಅಂದ. ಟ್ಯಾಬ್ ಅವನ ಕೈಯಿಂದ ತಾಯಿಗೆ, ತಾಯಿಯಿಂದ ಅಜ್ಜಿಗೆ ಹೋಯಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, ನನ್ನನ್ನು ಹತ್ತಿರ ಕರೆದಳು.

"ಕರಡಿ ಚೆಂದಾಗದೆ ಕಣಮ್ಮಿ," ಅಂದಳು. "ಅದರ ಬಾಯೊಳಗೆ ಈ ಎಣ್ಣು ಯಾಕ್ ಸಿಕ್ಕಾಕಂಡದೆ?"

ಎಲ್ಲರ ಜೊತೆ ಹುಡುಗನೂ ನಕ್ಕ. ಅದಕ್ಕೇ ನನಗೆ ಹೆಚ್ಚು ನೋವಾದದ್ದು. ಸ್ವಲ್ಪ ದಿನದಲ್ಲಿ ನಡುವಿನವರು ಬಂದು, ಹುಡುಗಿಯ ಮೇಲೆ ದೂರಿಲ್ಲ, ಆದರೆ ಮನೆಗೆ ಬರುವ ಸೊಸೆ ಕರಡಿ ಬರೆಯುತ್ತಾ ಕೂತರೆ ನೋಡಿದವರು ಏನಂದಾರು, ಬ್ಲೌಸ್ ಹೊಲಿಯಲು ಬರುವಂತಿದ್ದರೆ ಯೋಚಿಸಬಹುದಿತ್ತು ಅಂತ ಹೇಳಿ ಹೋದರು. ಅಪ್ಪ ನನ್ನ ಜೊತೆ ಮಾತು ಬಿಟ್ಟ. ಸಮಾಧಾನ ಹೇಳಿದವಳು ಅಮ್ಮ ಒಬ್ಬಳೇ.

"ಓಗ್ಲಿ ಬುಡು," ಅಂದಳು. "ಮುಂದ್ಲ ಸಲ ಬರೋರ್ಗೆ ಮೊಲ ತೋರ್ಸು."

ಕೈಗುಣ

ಸರ್ ಒಮ್ಮೆ ನನ್ನ ತುಪ್ಪಳದಲ್ಲಿ ಜೀವ ಇಲ್ಲ ಅಂದರು. ನಿಜವಾದ ಪ್ರಾಣಿಯ ಮೈಮೇಲೆ ರೋಮ ಯಾವ ಕಡೆ ಬಾಗುತ್ತದೆ, ಎಲ್ಲಿ ಸುಳಿ ಹಾಕುತ್ತದೆ ಅಂತ ನೋಡಿಕೊಂಡು ಬಾ ಅಂದರು. ನಮ್ಮ ಹಿತ್ತಲಿನಾಚೆಯ ಮನೆ ಅಕ್ಕನ ಹತ್ತಿರ ಒಂದು ಕರಿ ಆಡಿತ್ತು. ಅಕ್ಕ ಕೂಲಿಗೆ ಹೋದ ಹೊತ್ತು ನೋಡಿ ಅದರ ಬೆನ್ನಿನ ರೋಮವನ್ನು ಹಿಂದುಮುಂದಾಗಿ ಸವರಿ, ಬುಡ ಬಿಡಿಸಿ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ಮಾರನೇ ದಿನ ಆಡು ಮೇವು ಬಿಟ್ಟಿತು. ಅಕ್ಕ ನಮ್ಮ ಬಾಗಿಲಿಗೆ ಬಂದು ನಿಂತಳು. ಜಗಳಕ್ಕೆ ಬಂದಿರಲಿಲ್ಲ; ಕಣ್ಣಲ್ಲಿ ನೀರಿತ್ತು. ನಾನು ಆಡಿನ ಮೈ ಸವರಿ ಏನೋ ಮಾಡಿದ್ದನ್ನು ಎದುರು ಮನೆಯವರು ನೋಡಿದ್ದರಂತೆ. "ಏನ್ ಮಾಡುದ್ಯೋ ಅದ ವಾಪಸ್ ತಕ್ಕೊಬುಡು ಕಣಮ್ಮಿ," ಅಂದಳು. "ನಂಗಿರದು ಅದೊಂದೇ."

ಬುಡದ ನೆರಳು, ಮೇಲಿನ ರೋಮ, ತುದಿಯ ಬೆಳಕು ಅಂತ ನಾನು ವಿವರಿಸಿದಷ್ಟೂ ಅವಳ ಮುಖ ಇನ್ನಷ್ಟು ಬಿಳುಚಿಕೊಂಡಿತು. ಕೊನೆಗೆ ಅಮ್ಮ ಉಪ್ಪು, ಒಣಮೆಣಸಿನಕಾಯಿ ತಂದು ನನ್ನ ಕೈಗಿಟ್ಟು, ಸುಮ್ಮನೆ ನಿವಾಳಿಸಿ ಒಲೆಗೆ ಹಾಕಿ ಬಾ ಅಂದಳು. ಬಿ.ಎ. ಓದಿದವಳು, ಆಡಿನ ಮುಂದೆ ನಿಂತು ದೃಷ್ಟಿ ತೆಗೆದೆ. ಆ ಆಡು ಹಿಂದಿನ ದಿನ ಮದುವೆ ಮನೆಯ ಎಂಜಲೆಲೆ ಮೇಲೆ ಬಿದ್ದು ಹೊಟ್ಟೆ ಉಬ್ಬರಿಸಿಕೊಂಡಿತ್ತು ಅಂತ ಆಮೇಲೆ ತಿಳಿಯಿತು. ಆದರೆ ಅಷ್ಟರಲ್ಲಿ ಅದು ಎದ್ದು ಮೇವು ತಿಂದಾಗಿತ್ತು.

ಈಗ ನಮ್ಮ ಬೀದಿಯಲ್ಲಿ ಮಗು ಹಾಲು ಕುಡಿಯದಿದ್ದರೆ ನನ್ನ ಹತ್ತಿರ ಎತ್ತಿಕೊಂಡು ಬರುತ್ತಾರೆ. ನನ್ನ ಕೈಗುಣ ಒಳ್ಳೆಯದಂತೆ. ಆ ಕೈಯಲ್ಲಿ ಬೇರೆ ಕೆಲಸವನ್ನೂ ಮಾಡುತ್ತೇನೆ ಅನ್ನುವುದನ್ನು ಮಾತ್ರ ಇನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮಾವನ ಪ್ರಶ್ನೆ

ನನ್ನ ಸೋದರಮಾವ ಕುರಿ ಸಾಕಿದವನು. ಒಂದು ದಿನ ಮನೆಗೆ ಬಂದವನು, ನಾನು ಕೋಟಿನ ತೋಳು ಬರೆಯುವುದನ್ನು ನೋಡುತ್ತಾ ಗೋಡೆಗೊರಗಿ ಕೂತ. ಅವನು ಕಾಫಿ ಕುಡಿದ, ಊಟ ಮಾಡಿದ, ಮಲಗಿ ಎದ್ದ. ನಾನು ಇನ್ನೂ ಅದೇ ತೋಳಿನಲ್ಲಿದ್ದೆ. ಹೊರಡುವಾಗ ನನ್ನ ತಲೆ ಸವರಿ, ತುಂಬ ಕನಿಕರದಿಂದ ಹೇಳಿದ: "ಒಂದ್ ಕುರಿ ಸಾಕಿದ್ರೆ ಕೂದ್ಲು ತಾನಾಗೇ ಬೆಳಿತಿತ್ತಲ್ಲಮ್ಮಿ."

ಚಿರತೆ ಚರ್ಮ

ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಇತ್ತು. ಅಮ್ಮ, ನಾನು ಗುಂಡ್ಲುಪೇಟೆಯಲ್ಲಿ ಬಸ್ ಹತ್ತಿದೆವು. ದಾರಿಯಲ್ಲಿ ಸರ್ ಫೋನ್ ಮಾಡಿದರು. ಕಾಡು ಹತ್ತಿರವಾದಂತೆ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ, ಹಾಗಾಗಿ ನಾನು ಗಟ್ಟಿಯಾಗಿಯೇ ಮಾತಾಡಿದೆ. ಚಿರತೆ ಚರ್ಮ ರೆಡಿ ಇದೆ ಸರ್ ಅಂದೆ. ನರಿಯದ್ದು ಬಾಲ ಒಂದು ಬಾಕಿ, ಸಂಜೆ ಎರಡನ್ನೂ ಒಟ್ಟಿಗೆ ಕಳಿಸುತ್ತೇನೆ ಅಂದೆ. ಹೊಸ ಡಿಸೈನು ಬೇರೆಯವರ ಕಣ್ಣಿಗೆ ಬೀಳಬಾರದು ಅಂತ ಸರ್‌ಗೆ ಯಾವಾಗಲೂ ಭಯ; ಅದಕ್ಕೆ, ಯಾರಿಗೂ ತೋರಿಸಿಲ್ಲ ಸರ್, ಅಮ್ಮನ ಬ್ಯಾಗಿನಲ್ಲೇ ಇದೆ ಅಂತಲೂ ಹೇಳಿದೆ.

ಬಸ್ಸು ಪೂರಾ ನಿಶ್ಶಬ್ದವಾದದ್ದು ನನಗೆ ಗೊತ್ತಾಗಲೇ ಇಲ್ಲ. ಕಾಡಿನ ಗೇಟಿನಲ್ಲಿ ಬಸ್ಸು ನಿಂತಾಗ ಮುಂದಿನ ಸೀಟಿನ ಯಜಮಾನರೊಬ್ಬರು ಇಳಿದು ಗಾರ್ಡಿನ ಕಿವಿಯಲ್ಲಿ ಏನೋ ಹೇಳಿದರು. ಗಾರ್ಡ್ ಬಂದು ನಮ್ಮಿಬ್ಬರನ್ನು ಇಳಿಸಿದ. ಬ್ಯಾಗಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ, ಟ್ಯಾಬ್. ಚರ್ಮ ಎಲ್ಲಿ ಅಂತ ಕೇಳಿದ. ಇದರೊಳಗೆ ಅಂತ ಟ್ಯಾಬ್ ತೋರಿಸಿದೆ. ಅವನು ಅದನ್ನು ಮಗುಚಿ, ಹಿಂಬದಿಯನ್ನೊಮ್ಮೆ ತಟ್ಟಿ ನೋಡಿದ. ನಾನು ಚಿತ್ರ ತೆರೆದು ಅವನ ಮುಂದೆ ಹಿಡಿದೆ. ಆ ಸಲದ ಚಿರತೆ ನೇರಳೆ ಬಣ್ಣದ್ದು.

ಗಾರ್ಡ್ ಸ್ವಲ್ಪ ಹೊತ್ತು ನೋಡಿ, "ಈ ಕಲರಿಂದು ನಮ್ ಕಾಡಲ್ಲಿ ಇಲ್ಲ ಕಣಮ್ಮ, ಓಗಿ" ಅಂದ. ಆದರೆ ಬಸ್ಸು ಅಷ್ಟರಲ್ಲಿ ಹೋಗಿತ್ತು. ಸುದ್ದಿಯೂ ಅದರ ಜೊತೆಗೇ ಹೋಗಿತ್ತು. ನಾವು ಬೇರೆ ಬಸ್ಸು ಹಿಡಿದು ವಾಪಸ್ ನಮ್ಮೂರು ತೆರಕಣಾಂಬಿಯಲ್ಲಿ ಇಳಿಯುವ ಹೊತ್ತಿಗೆ ಅಪ್ಪ ವಕೀಲರೊಬ್ಬರನ್ನು ಕರೆದುಕೊಂಡು ಬಸ್ ಸ್ಟಾಪಿನಲ್ಲಿ ನಿಂತಿದ್ದ. ಸುತ್ತ ಜನ. ಹುಡುಗರು ದಾರಿ ಬಿಟ್ಟರು, ಹಿರಿಯರೊಬ್ಬರು ಎದ್ದು ನಿಂತರು. ಆಮೇಲೆ ನಿಜ ಹೇಳಿದೆ. ಜನ ಒಬ್ಬೊಬ್ಬರಾಗಿ ಕರಗಿದರು. ಚಿರತೆ ಹೊಡೆದವಳು ಅಂದುಕೊಂಡಾಗ ಇದ್ದ ಮರ್ಯಾದೆ, ಚಿತ್ರ ಬರೆಯುವವಳು ಅಂತ ಗೊತ್ತಾದ ಮೇಲೆ ಉಳಿಯಲಿಲ್ಲ.

ಸನ್ಮಾನ

ಒಂದು ಮಳೆಗಾಲವಿಡೀ ಕೂತು ಬಿಳಿ ತುಪ್ಪಳದ ಕೋಟೊಂದನ್ನು ಬರೆದೆ. ಬಿಳಿಯ ಮೇಲೆ ಬಿಳಿ ಎಳೆ ಎದ್ದು ಕಾಣಬೇಕು. ಅದಕ್ಕಿಂತ ಕಷ್ಟದ್ದು ನಮ್ಮ ಕೆಲಸದಲ್ಲಿ ಇಲ್ಲ. ನನ್ನ ಜೀವಮಾನದಲ್ಲಿ ನಾನು ಬರೆದ ಎಲ್ಲಕ್ಕಿಂತ ಒಳ್ಳೆಯ ಚಿತ್ರ ಅದು. ಹೊರದೇಶದ ಕಂಪನಿಯೊಂದು ಅದನ್ನು ಆರಿಸಿತು. ಮೂಲೆಯಲ್ಲಿ ಎಂದಿನಂತೆ ಸರ್ ಹೆಸರಿತ್ತು. ಆ ಒಂದು ಚಿತ್ರಕ್ಕೆ ಮಾತ್ರ ನನ್ನದನ್ನೂ ಸಣ್ಣದಾಗಿ ಹಾಕಬಹುದಾ ಅಂತ ಧೈರ್ಯ ಮಾಡಿ ಕೇಳಿದೆ. ಸರ್ ಬೇಜಾರು ಮಾಡಿಕೊಳ್ಳಲಿಲ್ಲ. "ಜಾಗ ಎಲ್ಲಿದೆ ನೋಡಮ್ಮ," ಅಂದರು. "ಪೂರ್ತಿ ಕೂದ್ಲು ತುಂಬಿಬಿಟ್ಟಿದ್ದೀಯ."

ಚಾಮರಾಜನಗರದ ಕಲ್ಯಾಣ ಮಂಟಪವೊಂದರಲ್ಲಿ ಸರ್‌ಗೆ ಸನ್ಮಾನ ಏರ್ಪಾಡಾಯಿತು. ಅಮ್ಮನೂ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ನಿರೂಪಕರು, ಆ ತುಪ್ಪಳವನ್ನು ಹೇಗೆ ಬರೆದಿರಿ ಅಂತ ಸಭೆಯ ಮುಂದೆ ಸ್ವಲ್ಪ ಬರೆದು ತೋರಿಸಬೇಕು ಅಂತ ಸರ್ ಅವರನ್ನು ಕೇಳಿಕೊಂಡರು. ಸರ್ ಮೈಕಿನಲ್ಲಿ ನನ್ನ ಹೆಸರು ಕರೆದರು. ಅಮ್ಮ ಅವಸರದಲ್ಲಿ ನನ್ನ ಸೆರಗು ಸರಿಮಾಡಿ, ಹಣೆಯ ಬೆವರು ಒರೆಸಿ ಕಳಿಸಿದಳು. ನಾನು ಹೋಗಿ ಟ್ಯಾಬ್ ಕೊಟ್ಟು, ಪರದೆಯ ವಯರು ಸಿಕ್ಕಿಸಿ, ಕೆಳಗಿಳಿದು ಬಂದೆ. ಕರೆದದ್ದು ಅದಕ್ಕೆ.

ಸರ್ ಪೆನ್ನು ಹಿಡಿದರು. ಟ್ಯಾಬಿನಲ್ಲಿ ಯಾವ ಬ್ರಷ್ ಆರಿಸಬೇಕು ಅಂತ ಅವರಿಗೆ ಗೊತ್ತಿಲ್ಲ. ದೊಡ್ಡ ಪರದೆಯ ಮೇಲೆ ದಪ್ಪ ದಪ್ಪ ಗೆರೆಗಳು ಬಿದ್ದವು, ತೆಂಗಿನ ಮಟ್ಟೆಯನ್ನು ಕಲ್ಲಿಗೆ ಬಡಿದು ನಾರು ಕಿತ್ತ ಹಾಗೆ. ಸಭೆ ಸದ್ದಿಲ್ಲದೆ ನೋಡುತ್ತಿತ್ತು. ಆ ಕೋಟು ಬರೆದದ್ದು ಇವರಲ್ಲ ಅಂತ ಇವತ್ತಿಗೆ ಎಲ್ಲರಿಗೂ ಗೊತ್ತಾಯಿತು ಅಂದುಕೊಂಡೆ. ಅಂಥ ಸಂತೋಷ ನನಗೆ ಮತ್ತೆ ಆಗಿಲ್ಲ.

ಆಗ ಮುಖ್ಯ ಅತಿಥಿಗಳು ಎದ್ದು ನಿಂತು ಚಪ್ಪಾಳೆ ಹೊಡೆದರು. ಹಿಂದಿನ ಚಿತ್ರ ಬರೀ ಫೋಟೋ ಥರ ಇತ್ತು, ಇದರಲ್ಲಿ ಕಲಾವಿದನ ಆತ್ಮ ಕಾಣುತ್ತಿದೆ ಅಂದರು. ಇಡೀ ಮಂಟಪ ಚಪ್ಪಾಳೆ ಹೊಡೆಯಿತು. ಎಲ್ಲರೂ ಹೊಡೆಯುತ್ತಿದ್ದಾರೆ ಅಂತ ಅಮ್ಮನೂ ಹೊಡೆದಳು.

ಆ ವಿಡಿಯೋ ಕಂಪನಿಯವರಿಗೂ ತಲುಪಿ, ಈ ಚಳಿಗಾಲದ ಕೋಟುಗಳೆಲ್ಲ ಅದೇ ಶೈಲಿಯಲ್ಲಿ ಬೇಕು ಅಂತ ಅವರು ಬರೆದರು. ಸರ್ ಆ ಕೆಲಸ ನನಗೇ ಕೊಟ್ಟರು. ಇದು ತುಪ್ಪಳವೇ ಅಲ್ಲ ಸರ್ ಅಂದೆ. ಕೇಳಿದ್ದನ್ನು ಕೊಡಬೇಕಮ್ಮ ಅಂದರು. ಎಷ್ಟು ಒದ್ದಾಡಿದರೂ ನನ್ನ ಕೈಗೆ ಅದು ಬರಲಿಲ್ಲ. ಗೆರೆ ತಾನಾಗಿಯೇ ತೆಳ್ಳಗಾಗಿ, ಬಾಗಿ, ರೋಮವಾಗಿಬಿಡುತ್ತಿತ್ತು. ಕೊನೆಗೆ ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಕಿಟಕಿಯಾಚೆ ಬಸ್ಸುಗಳನ್ನು ನೋಡುತ್ತಾ ಗೀಚಿ ಮುಗಿಸಿದೆ.

ಸರ್ ಟ್ಯಾಬನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ನನ್ನ ಮನಸ್ಸಿಗೆ ನೋವಾಗದ ಹಾಗೆ ಮೆಲ್ಲಗೆ ಹೇಳಿದರು:

"ಪರವಾಗಿಲ್ಲ, ಹತ್ರ ಹತ್ರ ಬಂದಿದ್ದೀಯ. ಆದ್ರೆ ನನ್ ಕೈಯಲ್ಲಿರೋದು ನಿಂಗೆ ಇಷ್ಟು ಬೇಗ ಬರಲ್ಲಮ್ಮ. ಅದಕ್ಕೆ ಸಾಧನೆ ಬೇಕು."